ಇಂಜಿನ್ನಿಗೆ ಹೊಳೆನೀರು ಕುಡಿಸಿದವನು

ಇಳಕಲ್ಲಿನ ಉಳಿದ ಮಿಸ್ತ್ರಿಗಳೆಲ್ಲ ಇಂಜಿನ್ನಿನ ರೋಗವನ್ನು ಕಿವಿಯಿಂದ ಹಿಡಿಯುತ್ತಿದ್ದರು. ಚಮನಸಾಬ ಮಾತ್ರ ನಾಲಿಗೆಯಿಂದ ಹಿಡಿಯುತ್ತಿದ್ದ. ಗಾಡಿಯೊಂದು ಬಾನೆಟ್ಟಿನ ಸಂದುಗಳಿಂದ ಹಬೆ ಉಗುಳುತ್ತ ಬಂದು ಅವನ ತಗಡಿನ ಶೆಡ್ಡಿನ ಮುಂದೆ ನಿಂತರೆ ಅವನು ನಟ್ಟು ತಿರುಗಿಸುವ ಪಾನಾ ಎತ್ತಿಕೊಳ್ಳುತ್ತಿರಲಿಲ್ಲ, ಏನಾಯಿತೆಂದು ಡ್ರೈವರನನ್ನು ಕೇಳುತ್ತಲೂ ಇರಲಿಲ್ಲ. ಇಂಜಿನ್ ತಣಿಯುವವರೆಗೆ ಬೇವಿನ ಗಿಡದ ಬುಡದಲ್ಲಿ ಕೂತು ಎರಡು ಬೀಡಿ ಸೇದಿ, ಆಮೇಲೆ ರೇಡಿಯೇಟರಿನ ಕೆಳಗಿನ ತಿರುಪು ಸಡಿಲಿಸಿ, ಕೋಟಿನ ಒಳಜೇಬಿನಿಂದ ತೆಗೆದ ಹಿತ್ತಾಳೆಯ ಪುಟ್ಟ ಬಟ್ಟಲಿಗೆ ನಾಲ್ಕು ಹನಿ ಹಿಡಿದು, ಬೆರಳ ತುದಿ ಅದ್ದಿ ನಾಲಿಗೆಗಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದ. ಸುತ್ತ ನಿಂತವರು ಕತ್ತು ಚಾಚುತ್ತಿದ್ದರು. ಅವನು ಪಕ್ಕಕ್ಕೆ ಉಗುಳಿ, ಅಂಗೈಯಿಂದ ಮೀಸೆ ಒರೆಸಿಕೊಂಡು, ನ್ಯಾಯಾಧೀಶರಿಗೂ ಇಲ್ಲದ ನಿಶ್ಚಯದಿಂದ ತೀರ್ಪು ಹೇಳುತ್ತಿದ್ದ.

ಕಲ್ಲಿನ ವ್ಯಾಪಾರದ ರಾಚಪ್ಪನವರ ಕಾರು ಒಂದು ಬೇಸಗೆಯಲ್ಲಿ ಹೀಗೆ ಕುದಿದು ಬಂದಿತ್ತು. ನೀರು ಮನೆಯದೇ, ಹೊಸದಾಗಿ ತುಂಬಿದ್ದು ಎಂದು ಡ್ರೈವರ್ ಆಣೆ ಮಾಡುತ್ತಿದ್ದ. ಚಮನಸಾಬ ನಾಲಿಗೆಯನ್ನು ಅಂಗುಳಕ್ಕೆ ಒಂದೆರಡು ಸಲ ತಟ್ಟಿ, "ಬೇವೂರ ಬಾವಿ ನೀರ ಇದು. ಬಸ್ ನಿಲ್ಲೂ ಕಟ್ಟಿ ಹಿಂದಿಂದು. ತುಂಬಿ ಎಂಟ ದಿವಸ ಆಗೇತಿ. ಮುಗೀತು ನೋಡ್ರಿ" ಎಂದ. ಡ್ರೈವರನ ಮುಖ ಸಣ್ಣಗಾಯಿತು. ಯಜಮಾನರಿಗೆ ಗೊತ್ತಿಲ್ಲದಂತೆ ಬೇವೂರಿನ ಬೀಗರ ಮನೆಗೆ ಕಾರು ಒಯ್ದದ್ದು ಹೀಗೆ ರೇಡಿಯೇಟರಿನ ಮೂಲಕ ಬಯಲಾಯಿತು. ರಾಚಪ್ಪನವರು ಆವತ್ತು ನಕ್ಕಷ್ಟು ಅವರ ಮಗಳ ಮದುವೆಯಲ್ಲಿಯೂ ನಕ್ಕಿರಲಿಕ್ಕಿಲ್ಲ.

ನಾನು ಇಳಕಲ್ಲಿನ ಹೈಸ್ಕೂಲಿಗೆ ಇತಿಹಾಸದ ಮಾಸ್ತರನಾಗಿ ಬಂದದ್ದು ಎಪ್ಪತ್ತಾರರಲ್ಲಿ. ಬಾಡಿಗೆ ಹಿಡಿದ ಕೋಣೆ ಹುನಗುಂದದ ರಸ್ತೆಯಲ್ಲಿ, ಅವನ ಶೆಡ್ಡಿನ ಎದುರಿಗೇ ಇತ್ತು. ಶಾಲೆ ಬಿಟ್ಟ ಮೇಲೆ ಅಲ್ಲಿ ಹೋಗಿ ಹಳೆಯ ಟೈರಿನ ಮೇಲೆ ಕೂತುಕೊಳ್ಳುವುದು ಕ್ರಮೇಣ ನನಗೆ ಸಂಧ್ಯಾವಂದನೆಯಷ್ಟೇ ನಿಯತವಾಯಿತು. ಚಮನಸಾಬನದು ಬಡಕಲು ದೇಹ, ಬಿಸಿಲಿಗೆ ಕಂದಿ ಕಲ್ಲಿನ ಬಣ್ಣಕ್ಕೆ ತಿರುಗಿದ ಮುಖ, ಮತ್ತು ಯಾವ ಋತುವಿಗೂ ಮೈಯಿಂದ ಇಳಿಯದ ಒಂದು ಖಾಕಿ ಕೋಟು. ವೈಶಾಖದ ಉರಿಯಲ್ಲಿ ಗಿಡಗಳೇ ಎಲೆ ಕಳಚಿ ನಿಂತಾಗಲೂ ಅವನು ಆ ಕೋಟಿನ ಮೇಲಿನ ಗುಂಡಿ ಹಾಕಿಕೊಂಡೇ ಗಾಡಿಯ ಕೆಳಗೆ ತೂರುತ್ತಿದ್ದ. ಎಡಭುಜ ಒಂದು ಗೇಣು ಕೆಳಗೆ ಜಗ್ಗಿತ್ತು. ತುಂಬಿದ ಕ್ಯಾನು ಹಿಡಿದು ಹನಿ ಚೆಲ್ಲದಂತೆ ನಡೆಯುವವನ ಹಾಗೆ ಬರಿಗೈಯಲ್ಲಿಯೂ ನಡೆಯುತ್ತಿದ್ದ. ಇಪ್ಪತ್ತು ವರ್ಷ ನೀರು ಹೊತ್ತ ಅಭ್ಯಾಸವದು.

ಏಕೆಂದರೆ ಚಮನಸಾಬ ತನ್ನ ಕೈಯಿಂದ ಹಾದುಹೋದ ಯಾವ ಇಂಜಿನ್ನಿಗೂ ಇಳಕಲ್ಲಿನ ನೀರನ್ನು ಹಾಕುತ್ತಿರಲಿಲ್ಲ. ಈ ಸೀಮೆಯ ನೆಲದೊಳಗೆಲ್ಲ ಕಲ್ಲು. ಕಲ್ಲನ್ನು ನೆಕ್ಕುತ್ತ ಬಂದ ನೀರು ರೇಡಿಯೇಟರಿನ ನಾಳಗಳಲ್ಲಿ ಸುಣ್ಣ ಕಟ್ಟುತ್ತದೆ, ಸುಣ್ಣ ಕಟ್ಟಿದರೆ ಇಂಜಿನ್ ಕುದಿಯುತ್ತದೆ, ಕುದಿದರೆ ಇಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ ಸೀಳುತ್ತದೆ ಎಂಬುದನ್ನು ಅವನು ಹುಡುಗನಾಗಿದ್ದಾಗ ಹುಬ್ಬಳ್ಳಿಯ ಉಸ್ತಾದನ ಬಳಿ ಕಣ್ಣಾರೆ ಕಂಡು ಕಲಿತಿದ್ದ. ಇದು ಅಪ್ಪಟ ಸತ್ಯವಾಗಿತ್ತು, ಮತ್ತು ಈ ಕಥೆಯ ದುಃಖವೆಲ್ಲ ಆ ಸತ್ಯದಿಂದಲೇ ಹುಟ್ಟಿತು. ಅವನ ಮನಸ್ಸಿಗೆ ಬಂದ ನೀರು ಒಂದೇ: ಶಿವಯೋಗ ಮಂದಿರದ ಬಳಿ ಮಲಪ್ರಭೆಯ ನಡುಹೊಳೆಯದು. ಬಾದಾಮಿಯ ಕಡೆಯಿಂದ ಬರುವ ಯಾವ ಲಾರಿಗಾದರೂ ಹಾಲಿನ ಕ್ಯಾನು ಕೊಟ್ಟು ತರಿಸುತ್ತಿದ್ದ. ಯಾರೂ ಸಿಗದಿದ್ದರೆ ತಾನೇ ಬಸ್ಸು ಹತ್ತಿ ಹೋಗಿ ತರುತ್ತಿದ್ದ. ಅದಕ್ಕಿಂತ ಹತ್ತಿರ ಕೂಡಲಸಂಗಮವಿತ್ತಲ್ಲ ಎಂದು ಕೇಳಿದರೆ ಮೂಗು ಮುರಿಯುತ್ತಿದ್ದ. "ಎರಡ ಹೊಳಿ ಕೂಡಿದ ನೀರ್ರಿ ಅದು. ದೇವ್ರಿಗಿ ಚೊಲೋ. ಮಷಿನ್ನಿಗೆ ಅದರ ಸ್ವಭಾವ ಹೇಳಾಕ ಬರಂಗಿಲ್ಲ."

ತಂದ ನೀರನ್ನು ಮನೆಯಲ್ಲಿ ಕಾಸಿ, ಆರಿಸಿ, ಬಿಳಿಯ ಪಂಚೆಯ ತುಂಡಿನಲ್ಲಿ ಸೋಸಿ, ಮಣ್ಣಿನ ಹರವಿಗಳಲ್ಲಿ ತುಂಬಿಡುವುದು ಅವನ ಹೆಂಡತಿ ಮಕ್ತುಮಬಿಯ ಕೆಲಸ. ಆಕೆ ಬಾಯಿ ಬಲ್ಲವಳು. ಒಮ್ಮೆ ನಾನು ಅವರ ಮನೆಯಲ್ಲಿ ಕುಡಿಯಲು ನೀರು ಕೇಳಿದಾಗ, "ಯಾವ ನೀರ ಕೊಡ್ಲಿರಿ ಮಾಸ್ತರ? ಮನಷ್ಯಾರ ನೀರೋ, ಮಷಿನ್ನಿನ ನೀರೋ? ನಮ್ಮನ್ಯಾಗ ಮನಷ್ಯಾರಿಗಿ ಬೋರಿನ ನೀರ, ಲಾರಿಗಿ ಹೊಳಿ ನೀರ. ಮುಂದಿನ ಜನ್ಮಾ ಅನ್ನೂದ ಇದ್ರ ನಾ ಲಾರಿ ಆಗಿ ಹುಟ್ಟತೇನಿ" ಎಂದಿದ್ದಳು. ಚಮನಸಾಬ ನಾಚಿ, ಒಳಗೆ ಹೋಗಿ, ಮಷಿನ್ನಿನ ಹರವಿಯಿಂದಲೇ ನನಗೊಂದು ಲೋಟ ತಂದುಕೊಟ್ಟ. ಅಷ್ಟು ಸಿಹಿಯಾದ ನೀರನ್ನು ನಾನು ಆ ಊರಿನಲ್ಲಿ ಮತ್ತೆ ಕುಡಿಯಲಿಲ್ಲ.

"ಮನಷ್ಯಾ ಕುಡೀಲಾರದ್ದನ್ನ ಮಷಿನ್ ಯಾಕ ಕುಡೀಬೇಕು?" ಇದು ಅವನ ಸಿದ್ಧಾಂತ. ಇದರ ಮುಂದೆ ಬೇರೆ ವಾದ ನಡೆಯುತ್ತಿರಲಿಲ್ಲ. ನೀರು ತುಂಬಿದ ಮೇಲೂ ಅವನು ತಕ್ಷಣ ಇಂಜಿನ್ ಚಾಲೂ ಮಾಡಲು ಬಿಡುತ್ತಿರಲಿಲ್ಲ. ನೀರಿಗೂ ಕಬ್ಬಿಣಕ್ಕೂ ಗುರುತಾಗಬೇಕು ಎಂದು ಕಾಲು ತಾಸು ಕಾಯಿಸುತ್ತಿದ್ದ, ಡ್ರೈವರುಗಳು ಗೊಣಗಿದರೂ ಕೈಕಟ್ಟಿ ನಿಂತಿರುತ್ತಿದ್ದ. ಅವರೆಲ್ಲ ಹಿಂದಿನಿಂದ ಚೇಷ್ಟೆ ಮಾಡುತ್ತಿದ್ದುದು ನಿಜ, ಆದರೆ ಗಾಡಿ ಕೆಟ್ಟಾಗ ಅವನ ಶೆಡ್ಡನ್ನೇ ಹುಡುಕಿಕೊಂಡು ಬರುತ್ತಿದ್ದುದೂ ಅಷ್ಟೇ ನಿಜ.

ಗುರುಲಿಂಗವ್ವ ಅವನ ಬಳಿ ಬಂದದ್ದು ಎಂಬತ್ತರ ದೀಪಾವಳಿಯ ಮುಂದೆ. ನೇಕಾರರ ಓಣಿಯ ಹೆಂಗಸು, ನಲವತ್ತರ ಆಚೀಚೆಯ ವಯಸ್ಸು. ಮದುವೆಯಾಗಿ ಬಂದಂದಿನಿಂದ ಹದಿನೆಂಟು ವರ್ಷ ಪರರ ಮನೆಯ ಕುಣಿಮಗ್ಗದಲ್ಲಿ ಕೂತವಳು. ನೆಲದಲ್ಲಿ ತೋಡಿದ ಕುಣಿಯೊಳಗೆ ಸೊಂಟದವರೆಗೆ ಇಳಿದು, ಮೇಲೆ ಕೈ, ಕೆಳಗೆ ಕಾಲು ಆಡಿಸುತ್ತ, ಮಳೆಗಾಲದಲ್ಲಿ ಕುಣಿಯ ಗೋಡೆಯಿಂದ ಜಿನುಗುವ ಥಂಡಿಯಲ್ಲಿ ಪಾದ ಊರಿ ನೇಯ್ದು ನೇಯ್ದು ಎರಡೂ ಮೊಣಕಾಲುಗಳು ಬೂದುಗುಂಬಳದ ಹಾಗೆ ಊದಿಕೊಂಡಿದ್ದವು. ಗಂಡ ಅಮಾತೆಪ್ಪ ಒಂದು ಹಳೆಯ ಪೆಟ್ರೋಲ್ ಪಿಕಪ್ಪು ಕೊಂಡು, ಪಾಲಿಶ್ ಮಾಡಿದ ಕಲ್ಲಿನ ಹಾಸುಗಳನ್ನು ಬಾಗಲಕೋಟೆಯ ರೈಲು ನಿಲ್ದಾಣಕ್ಕೆ ಸಾಗಿಸಿ, ಬರುವಾಗ ನೂಲಿನ ಪೆಂಡಿ ತರುವ ದಂಧೆ ಹಿಡಿದ ಮೇಲೆ ಆಕೆ ಕುಣಿಯಿಂದ ಮೇಲೆ ಬಂದಿದ್ದಳು. ಮೂರು ವರ್ಷಕ್ಕೆ ಅಮಾತೆಪ್ಪ ಜ್ವರದಲ್ಲಿ ತೀರಿಕೊಂಡ. ಆಕೆಯ ತಮ್ಮ ಈರಪ್ಪ ಸ್ಟೇರಿಂಗ್ ಹಿಡಿದ. ಆದರೆ ಪೆಟ್ರೋಲಿನ ದರ ಏರಿದ ಹಾಗೆಲ್ಲ ಗಾಡಿ ಓಡುವ ದಿನಗಳಿಗಿಂತ ನಿಲ್ಲುವ ದಿನಗಳೇ ಹೆಚ್ಚಾದವು.

"ಅಣ್ಣಾ, ಇದಕ ಡಿಜೇಲ್ ಇಂಜಿನ್ ಕೂಡಸಾಕ ಬರತೈತೇನು?" ಎಂದು ಕೇಳಿದಳು. "ಬರತೈತಿ ಅಂದ್ರ ನನ್ನ ಕೊಳ್ಳಾಗಿನ ಬೋರಮಾಳ ಕೊಡ್ತೇನಿ. ಬರೂದಿಲ್ಲ ಅಂದ್ರ ಈಗ ಹೇಳಿಬಿಡು. ನಾ ಮತ್ತ ಕುಣಿಯಾಗ ಇಳಿಯಾಕ ಒಲ್ಯ. ಒಮ್ಮಿ ಇಳದ್ನೆಂದ್ರ ಈ ಕಾಲ ನನ್ನನ್ನ ಮ್ಯಾಲ ತರಂಗಿಲ್ಲ."

ಚಮನಸಾಬ ಆಕೆಯ ಮೊಣಕಾಲುಗಳನ್ನು ನೋಡಿದ, ಗಾಡಿಯನ್ನು ನೋಡಿದ. ಆಮೇಲೆ ಹೇಳಿದ: "ಕೂಡಸ್ತೇನಿ ತಂಗಿ. ಹತ್ತ ವರ್ಷ ಯಾರೂ ಅದರ ಹೊಟ್ಟಿ ತಗೀದಂಗ ಕೂಡಸ್ತೇನಿ. ಮುಗೀತು ನೋಡು."

ಆ ಮಾತು ಆಡದಿದ್ದರೆ ಚೆನ್ನಾಗಿತ್ತೆಂದು ಈಗ ಅನ್ನಿಸುತ್ತದೆ. ಅವನು ಸುಲಭವಾಗಿ ಮಾತು ಕೊಡುವವನಲ್ಲ. ಕೊಟ್ಟನೆಂದರೆ ಊಟ ನಿದ್ದೆ ಬಿಟ್ಟು ಅದರ ಬೆನ್ನು ಹತ್ತುವವನು. ಹುಬ್ಬಳ್ಳಿಯ ಗುಜರಿ ಸಾಲಿನಲ್ಲಿ ನಾಲ್ಕು ದಿನ ಅಲೆದು, ಬಿಚ್ಚಿ ಹಾಕಿದ್ದ ಗಾಡಿಯೊಂದರ ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್ನನ್ನು ಆರಿಸಿ ತಂದ. ಅದು ಪೆಟ್ರೋಲ್ ಇಂಜಿನ್ನಿಗಿಂತ ಒಂದೂವರೆ ಪಟ್ಟು ಭಾರ. ಆ ಭಾರ ತಾಳಲೆಂದು ಮುಂದಿನ ಚಕ್ರಗಳ ಪಾಟಾ ಸ್ಪ್ರಿಂಗುಗಳಿಗೆ ಒಂದೊಂದು ಪಟ್ಟಿ ಹೆಚ್ಚಿಗೆ ಕಟ್ಟಿದ. ಇಂಜಿನ್ನಿಗೂ ಗೇರು ಪೆಟ್ಟಿಗೆಗೂ ತೂತುಗಳು ಕೂಡಲಿಲ್ಲ. ನಡುವೆ ಕೂಡಿಸಲು ಅರ್ಧ ಇಂಚಿನ ಉಕ್ಕಿನ ತಟ್ಟೆಯನ್ನು ತಾನೇ ಕೊರೆದು, ಕಾನಸಿನಿಂದ ತಿಕ್ಕಿ, ಕೂದಲೆಳೆಯ ವ್ಯತ್ಯಾಸ ಉಳಿಯದಂತೆ ಮೂರು ಸಲ ತೆಗೆದು ಮೂರು ಸಲ ಹಾಕಿದ. ಹಳೆಯ ರೇಡಿಯೇಟರು ಡೀಸೆಲ್ಲಿನ ಕಾವಿಗೆ ಸಾಲದೆಂದು, ಮುಂದಿನ ಅಡ್ಡಪಟ್ಟಿ ಕತ್ತರಿಸಿ, ದೊಡ್ಡದೊಂದನ್ನು ಬೆಸೆದು ಕೂರಿಸಿದ. ಒಂದೂವರೆ ತಿಂಗಳು ಹಿಡಿಯಿತು. ಇಂಜಿನ್ ಮೊದಲ ಸಲ ಗುಡುಗಿ ಎದ್ದ ದಿನ, ಕಾಸಿ ಸೋಸಿದ ಹೊಳೆನೀರಿನ ಎರಡು ಕ್ಯಾನುಗಳನ್ನು ಅವನೇ ಸುರಿದು ಕಾಲು ತಾಸು ಕಾಯಿಸಿದ. ಗುರುಲಿಂಗವ್ವ ಬಾನೆಟ್ಟಿಗೆ ವಿಭೂತಿ ಹಚ್ಚಿ ಕಾಯಿ ಒಡೆದಳು. ತೆಂಗಿನ ನೀರನ್ನು ಈರಪ್ಪ ಸಂಭ್ರಮದಲ್ಲಿ ರೇಡಿಯೇಟರಿಗೆ ಬಗ್ಗಿಸಲು ಹೋದಾಗ ಚಮನಸಾಬ ಅವನ ಮುಂಗೈ ಹಿಡಿದು ಜೋರಾಗಿ ಬೈದ. "ಲೇ, ಅದು ನಿನ್ನ ಬಾಯಿಗಿ. ಇದರ ಬಾಯಿಗಿ ನಾ ಹೇಳಿದ್ದ ಒಂದ."

ಎರಡು ವರ್ಷ ಆ ಗಾಡಿ ರಾಜನ ಹಾಗೆ ಓಡಿತು. ಕಲ್ಲು ಹೇರಿಕೊಂಡು ಹುನಗುಂದದ ಏರು ಹತ್ತುವಾಗಲೂ ಹಬೆ ಕಾಣಲಿಲ್ಲ, ಕುದಿಯಲಿಲ್ಲ. ಗುರುಲಿಂಗವ್ವನ ಹಿರಿಯ ಮಗಳ ಲಗ್ನವಾಯಿತು; ಆಕೆಯ ಮೊಣಕಾಲಿನ ಬಾವು ಇಳಿದು, ಕಟ್ಟೆಯ ಮೇಲೆ ಕೂತು ನೆರೆಯವರೊಡನೆ ನಗುವುದನ್ನು ನಾನು ಕಂಡೆ. ಸುತ್ತಲಿನ ಡ್ರೈವರುಗಳು ತಮ್ಮ ಗಾಡಿಗೂ ಅದೇ ನೀರು ಬೇಕೆಂದು ಚಮನಸಾಬನ ಬಾಗಿಲಿಗೆ ಬರತೊಡಗಿದರು. ಅವನು ಗರ್ವಪಡುವ ಜಾತಿಯವನಲ್ಲ, ಆದರೂ ಪಿಕಪ್ಪು ರಸ್ತೆಯಲ್ಲಿ ಹಾದುಹೋದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಅದು ತಿರುವು ದಾಟುವವರೆಗೆ ನೋಡುತ್ತಿದ್ದ.

ಎಂಬತ್ತೆರಡರ ಕೊನೆಗೆ ಒಂದು ಮುಂಜಾನೆ ಈರಪ್ಪ ಇಂಜಿನ್ ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನೇ ಕೈಯಲ್ಲಿ ಹಿಡಿದು ಶೆಡ್ಡಿಗೆ ಓಡಿ ಬಂದ. ಕಡ್ಡಿಗೆ ಹತ್ತಿದ ಎಣ್ಣೆ ಕಪ್ಪಗಿರಲಿಲ್ಲ. ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿತ್ತು. ಎಣ್ಣೆಯಲ್ಲಿ ನೀರು ಸೇರಿದೆಯೆಂದು ಅದರ ಅರ್ಥ. ಚಮನಸಾಬ ಹೆಡ್ಡಿನ ಗ್ಯಾಸ್ಕೆಟ್ ಹೋಗಿರಬೇಕೆಂದು ಬದಲಿಸಿದ. ಹದಿನೈದು ದಿನಕ್ಕೆ ಎಣ್ಣೆ ಮತ್ತೆ ಬೆಳ್ಳಗಾಯಿತು. ಆಗ ಅವನು, ಹತ್ತು ವರ್ಷ ತೆಗೆಯುವುದಿಲ್ಲವೆಂದಿದ್ದ ಹೊಟ್ಟೆಯನ್ನು ತೆಗೆದು, ಲೈನರುಗಳನ್ನು ಒಂದೊಂದಾಗಿ ಹೊರಗೆ ಎಳೆದ. ಪಿಸ್ಟನ್ನು ಮೇಲೆ ಕೆಳಗೆ ಆಡುವ ಎರಕದ ಕೊಳವೆಗಳವು. ಅವುಗಳ ಒಳಗೆ ಬೆಂಕಿ, ಹೊರಮೈಗೆ ನೀರು. ಆ ಹೊರಮೈಯ ಒಂದು ಮಗ್ಗುಲಿಗೆ ಮೇಲಿನಿಂದ ಕೆಳಗಿನವರೆಗೆ ಸೂಜಿಯ ಮೊನೆಯಷ್ಟು ತೂತುಗಳು, ನುಸಿ ಕೊರೆದ ಜೋಳದ ಹಾಗೆ. ಸುಣ್ಣದ ಗುರುತಿಲ್ಲ, ತುಕ್ಕಿಲ್ಲ. ಲೋಹ ಥಳಥಳ ಹೊಳೆಯುತ್ತಿತ್ತು, ಆದರೆ ಜರಡಿಯಾಗಿತ್ತು. ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸುತ್ತ, "ಎರಕ ಖೊಟ್ಟಿ ಇತ್ತೇನೋ. ಗುಜರಿ ಮಾಲು" ಎಂದ. ಆ ಧ್ವನಿಯಲ್ಲಿ ಎಂದಿನ ತೀರ್ಪಿರಲಿಲ್ಲ.

ಹೊಸ ಲೈನರು ತರಲು ಈರಪ್ಪನನ್ನು ಹುಬ್ಬಳ್ಳಿಗೆ ಕಳಿಸಿದ. ಈರಪ್ಪ ಬರುವಾಗ ಲೈನರುಗಳ ಜೊತೆಗೆ ಒಂದು ಡಬ್ಬಿಯನ್ನೂ ತಂದ. ಬಿಡಿಭಾಗದ ಅಂಗಡಿಯವನು, ಇದನ್ನು ನೀರಿನಲ್ಲಿ ಬೆರೆಸಿ ಹಾಕಿದರೆ ಲೈನರು ಕೆಡುವುದಿಲ್ಲವೆಂದು ಹೇಳಿಕೊಟ್ಟಿದ್ದನಂತೆ. ಕೂಲಂಟು. ಆ ಶಬ್ದವನ್ನು ನಾನು ಆವತ್ತೇ ಮೊದಲು ಕೇಳಿದ್ದು. ಚಮನಸಾಬ ಡಬ್ಬಿಯ ಮುಚ್ಚಳ ತೆಗೆದು ಬಟ್ಟಲಿಗೆ ಬಗ್ಗಿಸಿದ. ಗಿಳಿಯ ರೆಕ್ಕೆಯ ಬಣ್ಣ, ಹರಳೆಣ್ಣೆಯ ಮಂದ. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ ಕಣ್ಣು ಮುಚ್ಚಿದವನು, ಮರುಗಳಿಗೆಯೇ ಥೂ ಎಂದು ಉಗುಳಿ ಎದ್ದು ನಿಂತ.

"ಶರಬತ್ತ ಐತಿ ಲೇ ಇದು! ಸಕ್ಕರಿ ಪಾಕಕ್ಕ ಬಣ್ಣಾ ಕಲಿಸಿ ಡಬ್ಬಿ ತುಂಬ್ಯಾರ. ನಿನ್ನ ಮಾರಿ ನೋಡಿ ಮಾರ್‍ಯಾರ ಯಾರೋ."

"ಇಲ್ರಿ ಅಣ್ಣಾ, ದೊಡ್ಡ ದೊಡ್ಡ ಲಾರಿಯವರು ಒಯ್ಯಾಕತ್ತಿದ್ರು" ಎಂದು ಈರಪ್ಪ ತೊದಲಿದ.

"ಸಕ್ಕರಿ ಬಿದ್ರ ಇಂಜಿನ್ ಏನ ಆಗತೈತಿ ಗೊತ್ತೈತಿಲ್ಲೋ ನಿನಗ?" ಇಂಜಿನ್ನಿಗೆ ಸಕ್ಕರೆ ಸೇರಿದರೆ ಕೆಟ್ಟಿತೆಂಬುದು ಆ ಕಾಲದ ಡ್ರೈವರುಗಳಿಗೆಲ್ಲ ಗೊತ್ತಿದ್ದ ಮಾತು, ಆಗದವರ ಗಾಡಿಯ ಟಾಕಿಗೆ ಸಕ್ಕರೆ ಸುರಿದ ಕಥೆಗಳು ಪ್ರತಿಯೊಂದು ಚಹಾದಂಗಡಿಯಲ್ಲಿಯೂ ಇದ್ದವು. ಚಮನಸಾಬ ಡಬ್ಬಿಯನ್ನು ನನ್ನ ಕಡೆ ಚಾಚಿದ. "ಮಾಸ್ತರ, ಏನ ಬರದಾರ ಓದ್ರಿ ಒಂದೀಟು."

ಬರೆದದ್ದು ಇಂಗ್ಲಿಷಿನಲ್ಲಿ. ಮೇಲುಗಡೆ ಕೆಂಪಕ್ಷರದಲ್ಲಿ ದೊಡ್ಡದಾಗಿದ್ದುದನ್ನು ನಾನು ಮೊದಲು ಓದಿದೆ: ಇದು ವಿಷ, ಕುಡಿಯಬಾರದು. ಅಷ್ಟನ್ನೇ ಕನ್ನಡದಲ್ಲಿ ಹೇಳಿದೆ. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಇನ್ನೂ ಮೂರು ಸಾಲುಗಳಿದ್ದವು. ಕಣ್ಣಾಡಿಸಿದೆ, ಲೋಹ, ಗುಳ್ಳೆ, ಸವೆತ ಎಂದೇನೋ ಇತ್ತು. ನನಗೆ ಸರಿಯಾಗಿ ತಿಳಿಯಲಿಲ್ಲ, ತಿಳಿಯಲಿಲ್ಲವೆಂದು ಒಪ್ಪಿಕೊಳ್ಳಲು ಮಾಸ್ತರಿಕೆಯ ಬಿಗುಮಾನ ಬಿಡಲಿಲ್ಲ. "ಉಳಿದದ್ದು ಅವರ ಜಾಹೀರಾತು" ಎಂದು ಡಬ್ಬಿ ಹಿಂದಕ್ಕೆ ಕೊಟ್ಟೆ.

ಚಮನಸಾಬನಿಗೆ ಅಷ್ಟು ಸಾಕಾಗಿತ್ತು. ಬಾಯಿಗೆ ಸಿಹಿ, ಒಳಗೆ ವಿಷ. ಇಂಥದ್ದನ್ನು ತನ್ನ ಮಾತಿನ ಮೇಲೆ ನಿಂತ ಗಾಡಿಗೆ ಅವನು ಹೇಗೆ ಹಾಕಿಯಾನು? ಡಬ್ಬಿಯನ್ನು ಮುಳ್ಳುಕಂಟಿಯಾಚೆ ಚೆಲ್ಲಿಸಿದ. ಹೊಸ ಲೈನರುಗಳನ್ನು ಕೂರಿಸಿ, ಈ ಸಲ ನೀರನ್ನು ಒಂದಲ್ಲ, ಮೂರು ಸಲ ಕಾಸಿಸಿ, ಮೂರು ಸಲ ಸೋಸಿಸಿ, ತಾನೇ ಹೊತ್ತು ತಂದು ತುಂಬಿದ. ತಪ್ಪು ಎಲ್ಲಿಯಾದರೂ ಇದ್ದರೆ ಅದು ತನ್ನ ಶ್ರದ್ಧೆಯಲ್ಲಿ ಉಳಿದಿರಬಹುದಾದ ಕೊರತೆಯೆಂದೇ ಅವನು ಭಾವಿಸಿದ್ದ. ಕೊರತೆಯನ್ನು ತುಂಬಿಕೊಡಲು ಅವನಿಗೆ ಗೊತ್ತಿದ್ದ ದಾರಿ ಅದೊಂದೇ.

ಎಂಬತ್ತನಾಲ್ಕರ ಭಾದ್ರಪದದಲ್ಲಿ, ತುಂಬ ಕಲ್ಲು ಹೇರಿದ್ದ ಪಿಕಪ್ಪು ಬೇವೂರು ದಾಟಿದ ಮೇಲೆ ನಡುರಸ್ತೆಯಲ್ಲಿ ಬಡಿದುಕೊಂಡು ನಿಂತಿತು. ನೀರು ಬೆರೆತ ಎಣ್ಣೆಗೆ ಕಸುವಿರಲಿಲ್ಲ. ಬೇರಿಂಗುಗಳು ಕರಗಿ, ಪಿಸ್ಟನ್ನಿನ ತೋಳೊಂದು ಮುರಿದು, ಇಂಜಿನ್ನಿನ ಮಗ್ಗುಲನ್ನೇ ಒಡೆದುಕೊಂಡು ಹೊರಗೆ ಬಂದಿತ್ತು. ಸುದ್ದಿ ತಿಳಿದು ಚಮನಸಾಬ ಬಸ್ಸು ಹತ್ತಿ ಹೋದ, ನಾನೂ ಹೋದೆ. ಒಡೆದ ತೂತಿನೊಳಗೆ ಕೈ ಹಾಕಿ ಲೈನರಿನ ಹೊರಮೈ ಸವರಿದ. ಅವೇ ತೂತುಗಳು. ಹೊಸ ಲೋಹ, ಹೊಸ ಎರಕ, ಅವೇ ತೂತುಗಳು. ಅವನು ರಸ್ತೆಯ ಬದಿಯ ಮಣ್ಣಿನಲ್ಲಿ ಕೂತು, ಎಣ್ಣೆ ಮೆತ್ತಿದ ಕೈಗಳನ್ನು ಒರೆಸಿಕೊಳ್ಳದೆ ಮೊಣಕಾಲ ಮೇಲಿಟ್ಟುಕೊಂಡ. ಗಂಡಸೊಬ್ಬ ಅಳುವುದನ್ನು ನಾನು ಅದಕ್ಕೂ ಮೊದಲು ಕಂಡಿದ್ದೆ. ಅಳಲೂ ತಿಳಿಯದೆ ಕೂತದ್ದನ್ನು ಕಂಡಿರಲಿಲ್ಲ.

ಇನ್ನೊಂದು ಇಂಜಿನ್ ಕೂಡಿಸುವ ತ್ರಾಣ ಗುರುಲಿಂಗವ್ವನಲ್ಲಿ ಉಳಿದಿರಲಿಲ್ಲ. ಗಾಡಿ ಗುಜರಿಗೆ ಹೋಯಿತು. ಚಮನಸಾಬ ತನ್ನ ಶೆಡ್ಡನ್ನೇ ಮಾರಿ ಕೊಡುತ್ತೇನೆಂದು ಹೋಗಿ ನಿಂತಾಗ ಆಕೆ ಬೈದು ಕಳಿಸಿದಳು. "ಹುಚ್ಚ ಹಿಡದೈತೇನ ಅಣ್ಣಾ ನಿನಗ? ಮಕ್ತುಮಕ್ಕ ಏನ ಉಣ್ಣಬೇಕು? ನೀ ಬೇಕಂತ ಮಾಡಿಯೇನು? ನಿನ್ನ ಕೈಲೆ ಆಗಲಿಲ್ಲಂದ್ರ ಯಾರ ಕೈಲೇನೂ ಆಗ್ತಿದ್ದಿಲ್ಲ." ಗಾಡಿ ಕೆಡಿಸಿದೆಯೆಂದು ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಈ ಮಾತು ಅವನನ್ನು ಕೊರೆಯಿತು. ಆ ವಾರವೇ ಗುರುಲಿಂಗವ್ವ ಮತ್ತೆ ಕುಣಿಮಗ್ಗಕ್ಕೆ ಇಳಿದಳು. ಇಳಿಯುವಾಗ ಕಿರಿಯ ಮಗಳು ಬಗಲಿಗೆ ಕೈಕೊಟ್ಟು ಇಳಿಸಬೇಕಾಯಿತಂತೆ.

ಮುಂದಿನ ವರ್ಷ, ಬಿಡಿಭಾಗ ತಯಾರಿಸುವವರ ಕಡೆಯ ಒಬ್ಬ ಇಂಜಿನಿಯರು ಬಾಗಲಕೋಟೆಯಲ್ಲಿ ಪೆಂಡಾಲು ಹಾಕಿಸಿ ಮಿಸ್ತ್ರಿಗಳ ಸಭೆ ಕರೆದಿದ್ದ. ಇಂಗ್ಲಿಷು ಬಂದರೆ ಇರಲೆಂದು ಚಮನಸಾಬ ನನ್ನನ್ನೂ ಕರೆದುಕೊಂಡು ಹೋದ. ಇಂಗ್ಲಿಷು ಬೇಕಾಗಲಿಲ್ಲ, ಬೆಂಗಳೂರಿನ ಕಡೆಯ ಆ ಹುಡುಗ ಸ್ಫುಟವಾದ ಕನ್ನಡದಲ್ಲಿ ಮಾತಾಡಿದ. ಮೇಜಿನ ಮೇಲಿಂದ ಒಂದು ಲೈನರನ್ನು ಎತ್ತಿ ಹಿಡಿದ. ಜರಡಿಯ ಹಾಗೆ ತೂತುಗಳು. ನನ್ನ ಪಕ್ಕದಲ್ಲಿ ಕೂತಿದ್ದ ಚಮನಸಾಬ ಎದ್ದು ನಿಂತದ್ದು ತನಗೆ ತಿಳಿಯದೆಯೇ ಇರಬೇಕು.

"ಇಂಜಿನ್ ಓಡುವಾಗ ಲೈನರ್ ನಡುಗುತ್ತೆ" ಎನ್ನುತ್ತಿದ್ದ ಆ ಹುಡುಗ. "ಹಳೇ ಇಂಜಿನ್‌ಗಳ ದಪ್ಪ ಲೈನರಿಗೆ ಇದರ ಕಾಟ ಅಷ್ಟಿರಲಿಲ್ಲ, ಈಚಿನ ಡೀಸೆಲ್ ಇಂಜಿನ್‌ಗಳಲ್ಲಿ ಲೈನರ್ ತೆಳು, ನಡುಕ ಜಾಸ್ತಿ. ನಡುಗಿದಾಗ ಅದರ ಮೈಮೇಲಿನ ನೀರಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳೇಳುತ್ತವೆ. ಒಂದೊಂದು ಗುಳ್ಳೆ ಒಡೆದಾಗಲೂ ಲೋಹವನ್ನು ಚೂರು ಚೂರೇ ಕಿತ್ತುಕೊಂಡು ಹೋಗುತ್ತೆ. ಕೂಲಂಟ್‌ನಲ್ಲಿರೋ ಔಷಧಿ ಲೋಹದ ಮೇಲೆ ಪೊರೆ ಕಟ್ಟಿ ಅದನ್ನು ಕಾಪಾಡುತ್ತೆ."

"ಸಾಹೇಬ್ರ," ಚಮನಸಾಬ ನಿಂತಲ್ಲಿಂದಲೇ ಕೇಳಿದ, "ಸಿಹಿನೀರ ಹಾಕಿದ್ರ? ಮೂರ ಸಲ ಕಾಸಿ ಸೋಸಿದ ಹೊಳಿ ನೀರ?"

"ಸುಣ್ಣ ಕಟ್ಟಲ್ಲ, ಅದು ಒಳ್ಳೇದೇ. ಆದರೆ ಔಷಧಿ ಇಲ್ಲದಿದ್ದರೆ ಎಷ್ಟು ಶುದ್ಧವಾದ ನೀರಾದರೂ ಬರೀ ನೀರೇ ಅಲ್ವಾ? ನಿಜ ಹೇಳಬೇಕೆಂದರೆ, ಗಡಸು ನೀರಾಗಿದ್ದರೆ ಆ ಸುಣ್ಣದ ತೆಳು ಪದರವಾದರೂ ಲೈನರನ್ನು ಸ್ವಲ್ಪ ದಿನ ತಡೀತಿತ್ತೇನೋ."

"ಮತ್ತ ಆ ಡಬ್ಬ್ಯಾಗಿಂದು... ಸಕ್ಕರಿ ಹಂಗ ಇರತೈತಲ್ರಿ?"

"ಅದರ ಗುಣವೇ ಹಾಗೆ, ಸಿಹಿ ಇರುತ್ತೆ. ಯಾಕೆ ಯಜಮಾನ್ರೇ, ಕುಡಿದು ನೋಡಿದ್ರಾ?" ಎಂದ ಹುಡುಗ. ಪೆಂಡಾಲಿನ ತುಂಬ ನಗೆ ಎದ್ದಿತು. ಆ ಹುಡುಗನಲ್ಲಿ ಕುಹಕವಿರಲಿಲ್ಲ. ಅವನಿಗೆ ಏನೂ ಗೊತ್ತಿರಲಿಲ್ಲ. ಚಮನಸಾಬನೂ ಎಲ್ಲರೊಡನೆ ನಕ್ಕಂತೆ ಮಾಡಿ ಕೂತ.

ಹಿಂದಿರುಗುವ ಬಸ್ಸಿನಲ್ಲಿ ನಾನು ಆ ಮೂರು ಸಾಲುಗಳ ವಿಷಯ ಹೇಳಿದೆ. ಓದದೆ ಬಿಟ್ಟೆ, ತಿಳಿಯದ್ದನ್ನು ಜಾಹೀರಾತು ಎಂದೆ ಎಂದು ಹೇಳಿದೆ. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಆಮೇಲೆ, "ನೀವು ಓದಿದ್ರೂ ನಾ ಕೇಳ್ತಿದ್ದಿಲ್ಲ ಬಿಡ್ರಿ ಮಾಸ್ತರ" ಎಂದ. ಅದು ಸತ್ಯವೋ, ನನ್ನ ಮೇಲಿನ ಕರುಣೆಯೋ ಈವತ್ತಿಗೂ ನನಗೆ ತಿಳಿದಿಲ್ಲ.

ಮರುದಿನ ಅವನು ಗುರುಲಿಂಗವ್ವನ ಮಗ್ಗದ ಬಾಗಿಲಿಗೆ ಹೋಗಿ, ಹೊಸ್ತಿಲಾಚೆಯೇ ನಿಂತು ಎಲ್ಲವನ್ನೂ ಹೇಳಿದನಂತೆ: ಗುಜರಿ ಮಾಲಿನ ದೋಷವಲ್ಲ, ನೀರು ತಿಂದದ್ದು, ಉಳಿಸುವ ಔಷಧ ಕೈಗೆ ಬಂದಿತ್ತು, ತಾನೇ ಚೆಲ್ಲಿಸಿದೆ. ಆಕೆ ಲಾಳಿ ನಿಲ್ಲಿಸಿ ಕೇಳಿದಳಂತೆ. ಒಂದು ಗಳಿಗೆ ಆಕೆಯ ಮುಖ ಕಲ್ಲಾಯಿತೆಂದು ಈರಪ್ಪ ಹೇಳಿದ. ಆಮೇಲೆ, "ಈಗ ಯಾಕ ಹೇಳಿದಿ ಅಣ್ಣಾ? ಹಣೇಬರ ಅಂತ ತಿಳ್ಕೊಂಡ ಕುಂತಿದ್ದೆ, ಆರಾಮ ಇದ್ದೆ" ಎಂದು ಮತ್ತೆ ಲಾಳಿ ಎಸೆದಳಂತೆ. ಅಂದಿನಿಂದ ಚಮನಸಾಬ ಆ ಓಣಿಯಲ್ಲಿ ಕಾಲಿಡಲಿಲ್ಲ. ಮಸೀದಿಗೆ ಹೋಗಲೂ ಊರು ಬಳಸಿ ಹೋಗುತ್ತಿದ್ದ.

ಶೆಡ್ಡು ಉಳಿಯಿತು, ಆದರೆ ಅವನು ಮತ್ತೆ ಇಂಜಿನ್ ಬಿಚ್ಚಲಿಲ್ಲ. ಪಂಚರು, ಗ್ರೀಸು, ಅಷ್ಟೇ. ಅದಕ್ಕಿಂತ ಘೋರವಾದದ್ದು ಇನ್ನೊಂದಿತ್ತು. ಅವನು ಇಷ್ಟು ವರ್ಷ ಕಲಿಸಿದ್ದನ್ನು ಆ ಸೀಮೆಯ ಡ್ರೈವರುಗಳು ಅಷ್ಟು ಹೊತ್ತಿಗೆ ಚೆನ್ನಾಗಿ ಕಲಿತುಬಿಟ್ಟಿದ್ದರು. ಶಿವಯೋಗ ಮಂದಿರದಿಂದ ಕ್ಯಾನು ತುಂಬಿ ತಂದು, ಕಾಸಿ ಸೋಸಿ, ಡೀಸೆಲ್ ಗಾಡಿಗಳಿಗೆಲ್ಲ ಸುರಿಯುತ್ತಿದ್ದರು. ಚಮನಸಾಬ ರಸ್ತೆಗೆ ಇಳಿದು, ಅಡ್ಡ ನಿಂತು, ಬ್ಯಾಡ್ರೋ, ಡಬ್ಬಿಯದನ್ನು ಬೆರೆಸಿ ಹಾಕ್ರೋ ಎಂದು ಕೈಮುಗಿದು ಹೇಳುತ್ತಿದ್ದ. ಅವರು ನಗುತ್ತಿದ್ದರು. ಮುದುಕನಿಗೆ ಅರಳುಮರಳು, ಗುರುಲಿಂಗವ್ವನ ಗಾಡಿ ಹೋದಂದಿನಿಂದ ತಲೆ ಕೆಟ್ಟಿದೆ ಎನ್ನುತ್ತಿದ್ದರು. "ನಾವು ಚಮನಸಾಬ್ರ ಶಿಷ್ಯಾರ್ರೀ, ಆ ಬಣ್ಣದ ನೀರ ಮುಟ್ಟಂಗಿಲ್ಲ" ಎಂದು ಒಬ್ಬ ಅವನ ಎದುರಿಗೇ ಹೆಮ್ಮೆಯಿಂದ ಹೇಳಿ, ಅವನ ಕಾಲು ಮುಟ್ಟಿ ನಮಸ್ಕರಿಸಿ ಗಾಡಿ ಹತ್ತಿ ಹೋದದ್ದನ್ನು ನಾನು ಕಂಡಿದ್ದೇನೆ. ಆವತ್ತು ಚಮನಸಾಬ ಶೆಡ್ಡಿನ ಬಾಗಿಲು ಎಳೆದುಕೊಂಡು ಒಳಗೆ ಕೂತವನು ಸಂಜೆಯವರೆಗೆ ಹೊರಗೆ ಬರಲಿಲ್ಲ.

ಇಂಥ ಜನ ನಮ್ಮ ಸಣ್ಣ ಊರುಗಳಲ್ಲಿ ಇನ್ನೂ ಇದ್ದಾರೆ. ಓದಿ ಕಲಿತವರಲ್ಲ; ಕೈ, ಕಿವಿ, ನಾಲಿಗೆ ಸವೆಸಿ ಒಂದೇ ಒಂದು ಸತ್ಯವನ್ನು ದಕ್ಕಿಸಿಕೊಂಡವರು, ಅದನ್ನು ಪ್ರಾಣದ ಹಾಗೆ ಕಾಯುವವರು. ಆಲಸ್ಯದಿಂದ ಕೆಡಿಸಿದವನು ನೊಂದುಕೊಂಡು ನಾಳೆ ತಿದ್ದಿಕೊಂಡಾನು. ಮೈಯೆಲ್ಲ ಕಣ್ಣಾಗಿ, ಒಳ್ಳೆಯದನ್ನೇ ಮಾಡುತ್ತ ಕೆಡಿಸಿದವನು ಯಾವುದನ್ನು ತಿದ್ದಿಕೊಳ್ಳಬೇಕು? ಅವನ ತಪ್ಪಿಗೆ ಪಾಪವೆಂಬ ಹೆಸರಿಲ್ಲದ ಕಾರಣ ಕ್ಷಮೆಯೂ ಇಲ್ಲ. ಜಗತ್ತು ಅವನಿಗೆ ತಿಳಿಸದೆಯೇ ಒಂದು ಹೆಜ್ಜೆ ಮುಂದೆ ಹೋಗಿರುತ್ತದೆ, ಮತ್ತು ಆ ಒಂದು ಹೆಜ್ಜೆಯ ಅಂತರದಲ್ಲಿ ಬೀಳುವುದು ಅವನಲ್ಲ. ಅಂಥವರ ಶ್ರದ್ಧೆಯ ಬೆಲೆಯನ್ನು ಯಾವಾಗಲೂ ಅವರನ್ನು ನಂಬಿದವರೇ ತೆರುತ್ತಾರೆ; ಅದನ್ನು ನೋಡುತ್ತ ಬದುಕಿರುವುದಷ್ಟೇ ಅವರ ಪಾಲಿಗೆ ಉಳಿಯುತ್ತದೆ.